ಜರಡಿಯ ಕೆಳಗಿನ ಚೆಂಡುಗಳು

ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ನಮ್ಮ ಕಾರ್ಖಾನೆಯಲ್ಲಿ ಮಾತ್ರೆಗೆ ಬೆರೆಸುವ ಪಿಷ್ಟವನ್ನು ಜರಡಿ ಹಿಡಿಯುವ ಯಂತ್ರ, ನಾನು ಕಾಕಾ ಎನ್ನುತ್ತಿದ್ದ ಹಿರಿಯ ಕೆಲಸಗಾರರೊಬ್ಬರ ಪಾಲಿನದು. ಬೀದರ್ ಕಡೆಯವರು. ಅಂಗೈಯನ್ನು ಯಂತ್ರದ ಅಂಚಿಗೆ ಆನಿಸಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಜಾಲರಿಯಲ್ಲಿ ಪುಡಿ ಕಟ್ಟಿಕೊಳ್ಳುವುದು ಆ ಕೈಗೆ ಮೊದಲೇ ತಿಳಿಯುತ್ತಿತ್ತು.

ಜಾಲರಿಯ ಕೆಳಗೆ ರಬ್ಬರ್ ಚೆಂಡುಗಳಿರುತ್ತವೆ. ಯಂತ್ರ ಅದುರಿದಾಗ ಅವು ಪುಟಿದು ಬಡಿದು, ಸಿಕ್ಕಿಕೊಂಡ ಪುಡಿಯನ್ನು ಕೊಡವುತ್ತವೆ. ನಾನೊಮ್ಮೆ ಅವಸರಕ್ಕೆ ಬ್ರಶ್ ಒತ್ತಿದಾಗ ಸಿಡುಕಿದರು: “ಮ್ಯಾಲಿಂದ ಒತ್ತಿದ್ರ ಇನ್ನಷ್ಟು ಕಟ್ಕೋತೈತ್ರಿ. ಕೆಳಗ ಕುಣಿಯೋರು ಬೇಕು.” ಈ ಮಾತನ್ನು ಎಷ್ಟು ಸಲ ಆಡಿದರೂ ಅವರಿಗೆ ಬೇಸರವಿರಲಿಲ್ಲ.

ಸವೆದ ಚೆಂಡುಗಳನ್ನು ತೊಳೆದು ಮನೆಗೆ ಒಯ್ಯುತ್ತಿದ್ದರು. ಮಹಡಿಯ ಮೇಲೆ ಒಂದೇ ಕೋಣೆ, ಒಬ್ಬರೇ. ಕೆಳಗಿನ ಖಾಲಿ ಜಾಗದಲ್ಲಿ ಕಲಬುರಗಿ ಕಡೆಯ ಗಾರೆ ಕೆಲಸದವರ ಗುಡಿಸಲುಗಳು. ಅಲ್ಲಿನ ಮಕ್ಕಳು “ಮುತ್ಯಾ, ಚೆಂಡು ಒಗಿ!” ಎಂದು ಈ ಅಜ್ಜನನ್ನು ಕೂಗಿದರೆ ಇವರು ಕಿಟಕಿಯಿಂದ ಎಸೆಯುವರು, ಮಕ್ಕಳು ತಿರುಗಿ ಒಗೆದರೆ ಹಿಡಿಯುವರು.

ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದ ಮೇಲೆ ಆ ಕೆಲಸಗಾರರೆಲ್ಲ ಮಕ್ಕಳ ಸಮೇತ ಅತ್ತ ಹೋದರು. ಆಮೇಲೊಂದು ಭಾನುವಾರ ಕಾಕಾ ಅವರ ಕೋಣೆಗೆ ಹೋದೆ. ಕಿಟಕಿ ಮುಚ್ಚಿತ್ತು. ಡಬ್ಬಿಯ ತುಂಬ ಚೆಂಡುಗಳು, ಮುಚ್ಚಳವೇ ಕೂರುತ್ತಿರಲಿಲ್ಲ.

“ನಿಮ್ಮ ಮನ್ಯಾಗ ಸಣ್ಣ ಹುಡುಗ್ರು ಅದಾರೇನ್ರಿ?” ಎಂದು ಕೇಳಿದರು.

“ನಂದಿನ್ನೂ ಮದುವಿನೇ ಆಗಿಲ್ರಿ, ಕಾಕಾ.”

ಚಹಾ ಕುಡಿದು ಮೆಟ್ಟಿಲಿಳಿದು ಹೊರಗೆ ಬಂದೆ. ಮೇಲೆ ಕಿಟಕಿ ತೆರೆದ ಸದ್ದಾಯಿತು. ಚೆಂಡೊಂದು ಬಂದು ನನ್ನ ಕಾಲ ಬಳಿ ಬಿತ್ತು. ತಲೆಯೆತ್ತಿದರೆ, ಅವರು ಎರಡೂ ಕೈ ಹೊರಗೆ ಚಾಚಿ ಕಾಯುತ್ತಿದ್ದರು.