ಬೂದಿಯ ತೂಕ

ಅವರ ಒಂದು ಹುಬ್ಬು ಅರ್ಧಕ್ಕೇ ಮುಗಿಯುತ್ತಿತ್ತು. ಉಳಿದರ್ಧವನ್ನು ಯಾವುದೋ ಪ್ರಯೋಗದ ಜ್ವಾಲೆ ತಿಂದಿತ್ತು. ಎಡಹುಬ್ಬೋ ಬಲಹುಬ್ಬೋ, ಹೇಳಲಾರೆ. ನೆನಪಿನಲ್ಲಿ ಅದು ದಿನಕ್ಕೊಂದು ಕಡೆ ಇರುತ್ತದೆ. ಮದರಾಸಿನ ನಮ್ಮ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿದ ಹಳೆಯ ಕನ್ನಡ ಮನೆತನ ಅವರದು. ಪಾಠ ಇಂಗ್ಲಿಷಿನಲ್ಲಿ, ಗದರಿಕೆ ತಮಿಳಿನಲ್ಲಿ; ನನಗೊಬ್ಬಳಿಗೆ ಮಾತ್ರ ಕನ್ನಡದಲ್ಲಿ ಬೈಗುಳ.

ಮೆಗ್ನೀಸಿಯಂ ಪಟ್ಟಿಯನ್ನು ಪಿಂಗಾಣಿ ಮೂಸೆಯಲ್ಲಿ ಸುಟ್ಟು, ಮೊದಲೂ ಆಮೇಲೂ ತೂಗಬೇಕಿತ್ತು. ನನ್ನ ಬೂದಿ ಲೋಹಕ್ಕಿಂತ ಹೆಚ್ಚು ತೂಗಿತು. ಅಪ್ಪನ ಹೋಟೆಲಿನಲ್ಲಿ ಬಂಡಿ ಸೌದೆ ಉರಿದು ಒಂದು ಬುಟ್ಟಿ ಬೂದಿಯಾಗುವುದನ್ನು ನೋಡುತ್ತಲೇ ಬೆಳೆದವಳು ನಾನು. ಎಲ್ಲೋ ತಪ್ಪಿದೆ ಎಂದುಕೊಂಡು ಅಂಕಿಯನ್ನು ಅಳಿಸಿ, ಇಳಿಸಿ ಬರೆದೆ. ಅಳಿಸಿದ ಗುರುತು ಅವರ ಕಣ್ಣಿಗೆ ಬಿತ್ತು.

"ಸುಟ್ರೆ ಕಮ್ಮಿ ಆಗ್ಬೇಕೂಂತ ಯಾರಮ್ಮಾ ಹೇಳಿದ್ದು? ತಕ್ಕಡಿಯಾ, ನಿಮ್ಮಪ್ಪನ ಒಲೆಯಾ?"

ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಸಹಿಯಿಲ್ಲದೆ ಪರೀಕ್ಷೆಯಿಲ್ಲ, ಪರೀಕ್ಷೆ ತಪ್ಪಿದರೆ ಬೇಸಿಗೆಗೆ ಕುಂದಾಪುರದಲ್ಲಿ ಮದುವೆ ಎಂದು ಅಪ್ಪ ಮೊದಲೇ ಹೇಳಿದ್ದರು. ಅಳುತ್ತಾ ಅದನ್ನೂ ಹೇಳಿದೆ. ಅವರು ಫ್ಯಾನ್ ನಿಲ್ಲಿಸಿ, ಹೊಸ ಪಟ್ಟಿ ಕತ್ತರಿಸಿ ಕೊಟ್ಟರು.

ಉರಿಯ ಮೇಲಿಟ್ಟ ಮೂಸೆಯ ಮುಚ್ಚಳವನ್ನು ಇಕ್ಕಳದಿಂದ ಎಳ್ಳಷ್ಟು ಎತ್ತಿದಾಗ ಒಳಗೆ ಬಿಳಿ ಬೆಳಕು ಸಿಡಿಯಿತು. ಗಾಳಿ ಒಳಗೆ ಹೋಗಬೇಕು, ಹೊಗೆ ಹೊರಬರಬಾರದು. ಎತ್ತಿದೆ, ಮುಚ್ಚಿದೆ, ಎಷ್ಟು ಸಲವೋ. ಆರಿದ ಮೇಲೆ ಬೂದಿಗೆ ನಾಲ್ಕು ಹನಿ ನೀರು ಬಿಟ್ಟು, ಬಿಸಿ ಮಾಡಿಸಿ, ವಾಸನೆ ನೋಡಲು ಹೇಳಿದರು. ಅಮೋನಿಯಾದ ಘಾಟು.

"ಗಾಳೀಲಿರೋ ಆಕ್ಸಿಜನ್ ಸಾಲ್ದೂಂತ, ಯಾರ ತಂಟೆಗೂ ಹೋಗದ ನೈಟ್ರೋಜನ್ನನ್ನೂ ಬಿಟ್ಟಿಲ್ಲ ನೋಡು ಈ ಮೆಗ್ನೀಸಿಯಂ, ಈ ಘಾಟು ಅದರಿಂದ್ಲೇ. ನಿಮ್ಮ ಸೌದೆ ಉರಿದು ಗಾಳಿಗೆ ಹೋಗಿಬಿಡತ್ತೆ. ಇದು ಗಾಳೀನೇ ಹಿಡ್ಕೊಂಡು ಕೂತಿದೆ."

ಮತ್ತೆ ಕಾಸಿ, ಆರಿಸಿ, ಮೂರು ಸಲ ತೂಗಿದೆ. ಮೂರು ಸಲವೂ ಹೆಚ್ಚೇ. ನಾವಿಬ್ಬರೂ ಉಸಿರಾಡುತ್ತಿದ್ದ ಗಾಳಿಯ ಒಂದು ಪಾಲು ಬಿಳಿ ಪುಡಿಯೊಳಗೆ ಸೇರಿ ನನ್ನ ಮುಂದಿತ್ತು, ಅದಕ್ಕೆ ತೂಕವಿತ್ತು. ಮೂಸೆಯ ಮೇಲೆ ಬಗ್ಗಿ ಮತ್ತೆ ಮತ್ತೆ ನೋಡಿದೆ. ವರ್ಷವರ್ಷವೂ ಇದನ್ನೇ ಕಂಡಿದ್ದ ಅವರೂ ಬೆರಗಾಗಿ ನೋಡುತ್ತಿದ್ದರು. ಅಥವಾ ಆ ಬೆರಗನ್ನು ಅವರ ಮುಖಕ್ಕೆ ಆಮೇಲೆ ನಾನೇ ಹಚ್ಚಿದೆನೋ.

ಸಹಿ ಹಾಕಿದರು. ಹಳೆಯ ಪುಟವನ್ನು ಹರಿಯಹೋದ ನನ್ನ ಕೈ ಹಿಡಿದರು. "ಅದೂ ಇರ್ಲಿ. ಆಗ ನೀನು ನಂಬಿದ್ದು ಅದು."

ಪರೀಕ್ಷೆ ಪಾಸಾಯಿತು, ಮದುವೆ ಮುಂದೆ ಹೋಯಿತು. ಅರವತ್ತರ ದಶಕದ ಕೊನೆಯಲ್ಲಿ ನಾನು ಅಂಬತ್ತೂರಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದೆ. ಲೋಹದ ಚೂರೊಂದನ್ನು ತೂಗುತ್ತಿದ್ದಾಗ ಅವರು ತೀರಿಕೊಂಡ ಸುದ್ದಿ ಬಂತು. ತಕ್ಕಡಿಯ ಮುಳ್ಳು ಇನ್ನೂ ಆಡುತ್ತಿತ್ತು. ಅದು ನಿಲ್ಲುವವರೆಗೆ ಕಾದೆ. ಬಂದ ಅಂಕಿಯನ್ನು ಬರೆದೆ. ಆಮೇಲೆ ರಜೆ ಕೇಳಲು ಎದ್ದೆ.