ಮಧ್ಯಾಹ್ನದ ಫೋನು

ಸೋಲಾರ್ ಪ್ಲಾಂಟಿನ ಮ್ಯಾನೇಜರಮ್ಮನಿಗೆ ಮೋಡ ಕವಿದ ದಿನಗಳೆಂದರೆ ಇಷ್ಟ. ಇದನ್ನು ಅವಳು ಯಾರೆದುರೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದ್ದರೆ ಮಾವ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದರು.

ಪ್ಲಾಂಟು ಅವಳ ಸೋದರಮಾವನದು. ಲಾರಿಗಳನ್ನು ಓಡಿಸಿ ಗಳಿಸಿದ್ದನ್ನೆಲ್ಲ ಸುರಿದು, ಸಾಲದ್ದಕ್ಕೆ ಬ್ಯಾಂಕಿನಿಂದ ಸಾಲ ಎತ್ತಿ, ಬಯಲಿನ ಉದ್ದಗಲಕ್ಕೂ ಪ್ಯಾನಲ್ ಹಾಸಿದ್ದರು. ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದ್ದ ಅಕ್ಕನ ಮಗಳನ್ನು ಇದ್ದ ಕೆಲಸ ಬಿಡಿಸಿ ಕರೆತಂದಾಗ, "ಡೀಸೆಲ್ ಬೇಡ, ಡ್ರೈವರ್ ಬೇಡ. ಬಿಸಿಲು ಬಿಟ್ಟಿ ಕಣೇ! ಕಾಲು ಚಾಚ್ಕೊಂಡು ಕೂತ್ರೂ ಕಾಸು ಬರತ್ತೆ" ಎಂದಿದ್ದರು.

ಕಾಲು ಚಾಚುವುದಕ್ಕೆ ಅವಳಿಗೆ ಪುರುಸೊತ್ತಾಗಲಿಲ್ಲ. ಇವತ್ತು ತೊಳೆದ ಪ್ಯಾನಲ್ ಮೇಲೆ ನಾಳೆ ಮತ್ತೆ ಧೂಳು. ಹುಲ್ಲು ಕತ್ತರಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಮೊಣಕಾಲುದ್ದ ಬೆಳೆದಿರುತ್ತಿತ್ತು. ಕಾದ ಇನ್ವರ್ಟರುಗಳು ಸೆಕೆಗಾಲದಲ್ಲೇ ಹಟ ಹಿಡಿಯುತ್ತಿದ್ದವು. ಇವನ್ನೆಲ್ಲ ಅವಳು ಹೇಗೋ ಸಂಭಾಳಿಸುತ್ತಿದ್ದಳು. ಸಂಭಾಳಿಸಲಾಗದ್ದು ಮಧ್ಯಾಹ್ನದ ಫೋನು.

ಬಿಸಿಲು ನೆತ್ತಿಗೇರಿ, ಕಂಪ್ಯೂಟರ್ ಪರದೆಯ ಮೇಲೆ ಉತ್ಪಾದನೆಯ ಗೆರೆ ಏರುತ್ತ ಏರುತ್ತ ಮನಸ್ಸಿಗೆ ಹಿತವಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಸಾಗಿಸುವ ಗ್ರಿಡ್‌ನವರ ಕರೆ ಬರುತ್ತಿತ್ತು.

"ಮೇಡಂ, ಲೈನ್ ತಡ್ಕೊಳಲ್ಲ. ಅರ್ಧಕ್ಕೆ ಇಳಿಸಿ."

"ನಿನ್ನೇನೂ ಇಳಿಸಿದ್ವಲ್ಲ ಸಾರ್."

"ನಾನೇನ್ ಮಾಡ್ಲಿ ಮೇಡಂ, ಎಲ್ಲ ಪ್ಲಾಂಟ್‌ನವ್ರಿಗೂ ಇದೇ ಹಾಡು."

ಅವಳು ಇಳಿಸುತ್ತಿದ್ದಳು. ಇಳಿಸಿದ ಕರೆಂಟಿಗೆ ಯಾರೂ ಕಾಸು ಕೊಡುತ್ತಿರಲಿಲ್ಲ. ಹೊರಗೆ ಬಿಸಿಲು ಸುಮ್ಮನೆ ಸುರಿದು ಹೋಗುವುದನ್ನು ಕಿಟಕಿಯಿಂದ ನೋಡಿ ನೋಡಿ ಅವಳಿಗೆ ರೋಸಿಹೋಗಿತ್ತು. ಮೋಡವಿದ್ದ ದಿನ ಆದಾಯವೇನೋ ಕಡಿಮೆ, ಆದರೆ ಕೈಯಾರೆ ಆರಿಸುವ ಸಂಕಟವಿರಲಿಲ್ಲ.

ಕೊನೆಗೆ ಮಾವ ಪ್ಲಾಂಟನ್ನೇ ಮಾರಲು ಹೊರಟರು. ಕೊಳ್ಳುವ ಕಂಪನಿಯಿಂದ ಬಂದಾಕೆ ಧೂಳು ಮೆತ್ತಿದ ಬೂಟಿನಲ್ಲಿ ಬಯಲೆಲ್ಲ ಸುತ್ತಿ ಕಂಟ್ರೋಲ್ ರೂಮಿಗೆ ಬಂದು ಕೂತಳು. ಮಾವ ಬೆಳಗ್ಗೆಯೇ ಮೆಲ್ಲಗೆ ಹೇಳಿದ್ದರು, "ಇವತ್ತೊಂದಿನ ಆ ಫೋನ್ ಎತ್ಬೇಡ ಕಣಮ್ಮಾ."

ಮಧ್ಯಾಹ್ನ ಫೋನು ರಿಂಗಾಯಿತು. ಮಾವ ಚಾವಣಿ ನೋಡಿದರು. ಎತ್ತದಿದ್ದರೆ ಗ್ರಿಡ್‌ನವರು ಇಡೀ ಪ್ಲಾಂಟನ್ನೇ ಲೈನಿನಿಂದ ಕಿತ್ತುಹಾಕುತ್ತಾರೆಂದು ಅವಳಿಗೆ ಗೊತ್ತಿತ್ತು. ಎತ್ತಿದಳು, ಇಳಿಸಿದಳು. ಪರದೆಯ ಗೆರೆ ದೊಪ್ಪನೆ ಕುಸಿಯಿತು.

ಬಂದಾಕೆ ನಕ್ಕಳು. "ಗಾಬರಿ ಆಗ್ಬೇಡಿ ಸಾರ್. ನಮ್ಮ ಪ್ಲಾಂಟಿಗೂ ಈಗ ಇದೇ ಕರೆ ಬಂದಿರತ್ತೆ. ನಾವಿಲ್ಲಿ ಬ್ಯಾಟರಿ ಕೂರಿಸಿ, ಮಧ್ಯಾಹ್ನದ್ದು ತುಂಬ್ಕೊಂಡು ಸಂಜೆ ಮಾರ್ತೀವಿ. ಆ ಖರ್ಚನ್ನ ನಿಮ್ಮ ರೇಟಲ್ಲಿ ಮುರ್ಕೊಳ್ತೀವಿ, ಅಷ್ಟೇ."

ವಾಪಸು ಬರುವಾಗ ಕಾರಿನಲ್ಲಿ ಮಾವ ಕೇಳಿದರು, "ನಾನು ಮೋಸ ಹೋದ್ನೇನೇ?"

"ಮೋಸ ಯಾರೂ ಮಾಡಿಲ್ಲ ಮಾವ. ಎಲ್ಲರೂ ಒಂದೇ ಹೊತ್ತಿಗೆ ಅಂಗಡಿ ತೆಗೆದ್ರು. ಗಿರಾಕಿ ಸಂಜೆ ಬಂದ."

ಮಾವ ನಗಲು ನೋಡಿದರು, ಆಗಲಿಲ್ಲ. ಬ್ಯಾಂಕಿನ ಸಾಲ ತೀರಿ ಕೈಯಲ್ಲಿ ಅಷ್ಟೋ ಇಷ್ಟೋ ಉಳಿಯುವ ಬೆಲೆಗೆ ಪ್ಲಾಂಟು ಕೈಬಿಟ್ಟಿತು. ಇನ್ನಷ್ಟು ಎಳೆದಾಡಲು ಅವರಲ್ಲಿ ತ್ರಾಣವಿರಲಿಲ್ಲ.

ಹೊಸಬರು ಅವಳನ್ನು ಉಳಿಸಿಕೊಂಡರು. ಕಂಟೇನರಿನಂಥ ಬ್ಯಾಟರಿ ಪೆಟ್ಟಿಗೆಗಳು ಸಾಲಾಗಿ ಬಂದು ಕೂತವು. ಊರೆಲ್ಲ ದೀಪ ಹಚ್ಚುವ ಹೊತ್ತಿಗೆ ಕರೆಂಟು ಒಳ್ಳೆಯ ಬೆಲೆಗೆ ಹೋಗತೊಡಗಿತು. ಅವಳ ಕೆಲಸವೂ ಆ ಹೊತ್ತಿನವರೆಗೆ ಎಳೆಯಿತು.

ಒಂದು ರಾತ್ರಿ ಮನೆಗೆ ಬಂದು ಕುರ್ಚಿಯಲ್ಲಿ ಕುಸಿದಾಗ ಮಗಳು ಕೇಳಿದಳು, "ಅಮ್ಮಾ, ಈಗ ಪ್ಲಾಂಟಲ್ಲಿ ಲಾಭ ಬರ್ತಿದ್ಯಂತೆ ಹೌದಾ?"

"ಬರ್ತಿದೆ ಪುಟ್ಟಾ."

"ಮತ್ತೆ ಅಜ್ಜಂಗೆ ಯಾಕೆ ಬರ್ಲಿಲ್ಲ?"

ಗಂಡ ಅಡುಗೆಮನೆಯಿಂದ ಬಂದು ನೋಡಿದರೆ ಅವಳು ಕೂತಲ್ಲೇ ನಿದ್ದೆ ಹೋಗಿದ್ದಳು. ಅವನು ಬಗ್ಗಿ ಅವಳ ಕಾಲಿನ ಶೂ ಬಿಚ್ಚಿ, ಮಗಳಿಗೆ ಸದ್ದು ಮಾಡಬೇಡವೆಂದು ಸನ್ನೆ ಮಾಡಿದ.