ನಂಬರಿಲ್ಲದ ಗಾಳಿ

ಸೂಲಗಿತ್ತಿ ಸಾಬಮ್ಮ ಮೇಜಿನ ಮೇಲೆ ಎರಡು ಬೆರಳು ಬಡಿದು, "ಕೂಸಿನ ಎದಿ ಹಿಂಗ ಸಪ್ಪಳ ಮಾಡಬೇಕಿತ್ತು" ಎಂದಳು. ಮತ್ತೆ ಹೇಗೆ ಮಾಡಿತು ಎಂದು ಮುನ್ಷಿ ಮಾಣಿಕಪ್ಪ ಕೇಳಿದ್ದೇ ತಪ್ಪಾಯಿತು. ಅವಳು ಕೈ ಚಾಚಿ ಅವನ ಹೊಟ್ಟೆಯ ಮೇಲೆ ಬಡಿದಳು. ಹೊಟ್ಟೆ ಡೊಳ್ಳಿನಂತೆ ಉತ್ತರ ಕೊಟ್ಟಿತು.

"ಹಿಂಗ. ಬರೇ ಗಾಳಿ."

ಕಲಬುರಗಿ ದವಾಖಾನೆಯ ಪಡಸಾಲೆಯಲ್ಲಿದ್ದ ರೋಗಿಗಳೆಲ್ಲ ರೋಗ ಮರೆತು ನಕ್ಕರು. ಕಾಂಪೌಂಡರ್ ಇನಾಯತ್ ಕೈಲಿದ್ದ ಬಾಟಲಿ ಕೆಳಗಿಟ್ಟು ನಕ್ಕ. ಸಾಬಮ್ಮನಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ನಲವತ್ತು ವರ್ಷದ ಹಿಂದೆ ಕಮಲಾಪುರದಲ್ಲಿ ಈ ಮುನ್ಷಿಯನ್ನು ಹೊರಗೆಳೆದು ಬೆನ್ನು ತಟ್ಟಿ ಅಳಿಸಿದ್ದು ಅವಳೇ. ಅವನ ಮೈ ಅವಳಿಗೆ ಹೊಸದಲ್ಲ.

ಅವಳು ಬಂದದ್ದು ಸತ್ತ ಕೂಸೊಂದರ ಕಾರಣ ಬರೆಸಲು. ತಾನು ಹೋಗುವುದರೊಳಗೆ ಮನೆಯವರು ಗಾಬರಿಯಾಗಿ ಅದರ ಬಾಯಲ್ಲಿ ಜೋರಾಗಿ ಊದಿದ್ದರು, ಗಾಳಿ ಎದೆಗೂಡಿನಲ್ಲಿ ಸಿಕ್ಕಿಬಿದ್ದಿತ್ತು ಎಂದಳು. ಮಾಣಿಕಪ್ಪನ ಎದುರು ಹೈದರಾಬಾದಿನಿಂದ ಬಂದ ಸಾವಿನ ಕಾರಣಗಳ ಪಟ್ಟಿಯಿತ್ತು. ಅದರಲ್ಲಿ ಪ್ಲೇಗಿಗೆ, ಹಾವಿಗೆ, ಬಾವಿಗೆ, ಎಲ್ಲಕ್ಕೂ ಒಂದೊಂದು ನಂಬರು. ಸಿಕ್ಕಿಬಿದ್ದ ಗಾಳಿಗೆ ಮಾತ್ರ ಇಲ್ಲ. ನಂಬರಿಲ್ಲದ್ದನ್ನು ನಂಬುವ ರೂಢಿ ಅವನಿಗಿರಲಿಲ್ಲ. ಗಾಳಿಮಾತು ದಫ್ತರದಲ್ಲಿ ಬರೆಯಲಾಗದು ಎಂದು ಅವಳನ್ನು ಕಳಿಸಿದ. ಎಲ್ಲರೆದುರು ನಗೆಗೀಡಾದ ಹೊಟ್ಟೆಯ ಉರಿ ಆರಿರಲಿಲ್ಲ, ಹತ್ತೊಂಬತ್ತು ಎಂದು ಬರೆದ. ಹತ್ತೊಂಬತ್ತೆಂದರೆ ಸೂಲಗಿತ್ತಿಯ ತಪ್ಪು.

ತಿಂಗಳೊಳಗೆ, ಸಾಬಮ್ಮ ಹೆರಿಗೆ ಮಾಡಿಸಕೂಡದೆಂದು ಕಮಲಾಪುರಕ್ಕೆ ಹುಕುಂ ಹೋಯಿತು. ಕರೆಯುವವರಿಲ್ಲವಾಗಿ ಅವಳು ಮಹಾಗಾಂವದ ಹಾದಿಯ ಜೋಳದ ಹೊಲಗಳಲ್ಲಿ ಕಳೆ ಕೀಳಲು ಹೋಗತೊಡಗಿದಳು. ಮಾಣಿಕಪ್ಪ ರಜೆಗೆ ಊರಿಗೆ ಬಂದಾಗೆಲ್ಲ ಆ ಹಾದಿ ಬಿಟ್ಟು ಸುತ್ತುಹಾಕಿ ಮನೆ ಸೇರುತ್ತಿದ್ದ.

ಮುಂದಿನ ಸುಗ್ಗಿಯಲ್ಲಿ ಅವನ ಮಗಳು ಭಾಗಮ್ಮ ತವರಿನಲ್ಲೇ ಹಡೆದಳು. ಕೂಸಿಗೆ ಏದುಸಿರು, ತುಟಿ ನೇರಳೆ. ನೆರೆಮನೆಯ ಮುದುಕಿ ಊದಲು ಬಾಗಿದಾಗ ಮಾಣಿಕಪ್ಪನೇ ಅವಳ ತೋಳು ಹಿಡಿದು ಹಿಂದೆಳೆದ. ಎಲ್ಲರೂ ಅವನ ಮುಖ ನೋಡಿದರು. ಸಾಬಮ್ಮನ ಮಾತನ್ನು ಅವನು ಅಂದೇ ನಂಬಿದ್ದನೆಂಬುದು ಅಲ್ಲಿಗೆ ಬಯಲಾಯಿತು.

"ಸಾಬವ್ವನ ತಪ್ಪಂತ ಬರದವರು ನೀವು. ಆಕಿನ್ನ ಕರಕೊಂಡು ಬರಾವ್ರೂ ನೀವ" ಎಂದಳು ಹೆಂಡತಿ.

ಹೊಲದ ಬದುವಿನ ಮೇಲೆ ನಿಂತು ಅವನು, "ಭಾಗಮ್ಮನ ಕೂಸಿಗಿ ಉಸಿರಾಡಾಕ ಆಗವಲ್ದು" ಎಂದ. ಸಾಬಮ್ಮ ಅವನ ಮುಖ ನೋಡಿ ಕಳೆ ಕೀಳುವ ಕುರ್ಚಿಗಿ ಕೆಳಗಿಟ್ಟು, ಕೂಸಿನ ಎದೆ ಯಾವ ಕಡೆ ಉಬ್ಬಿದೆ ಎಂದಷ್ಟೇ ಕೇಳಿ ಮುಂದೆ ನಡೆದಳು.

ಬಿಸಿನೀರಲ್ಲಿ ಕೈ ತೊಳೆದು, ಕಿವಿಯಿಟ್ಟು ಆಲಿಸಿ, ಎರಡೂ ಕಡೆ ಬೆರಳಿನಿಂದ ತಟ್ಟಿದಳು. ಬಲಗಡೆ ಡೊಳ್ಳಿನ ಸಪ್ಪಳ. "ಊದಬ್ಯಾಡ್ರಿ, ಒತ್ತಬ್ಯಾಡ್ರಿ, ತೊಟ್ಟಲದಾಗ ತೂಗಬ್ಯಾಡ್ರಿ. ಸಿಕ್ಕ ಗಾಳಿ ತಾನ ಕರಗತದ, ಕರಗಿದ್ರ" ಎಂದು ಕೂಸನ್ನು ಎದೆಗೆ ಒರಗಿಸಿಕೊಂಡು ಎರಡು ದಿನ ಕೂತಳು. ಹನಿ ಹನಿಯಾಗಿ ಹಾಲು ಕುಡಿಸಿದಳು. ಮೂರನೆಯ ಬೆಳಿಗ್ಗೆ ಕೂಸು ಓಣಿಯೆಲ್ಲ ಏಳುವಂತೆ ಅತ್ತಿತು.

ಅವಳು ಹೊರಡುವಾಗ ಮಾಣಿಕಪ್ಪ ಹೊಸ್ತಿಲಲ್ಲಿ ಅಡ್ಡ ನಿಂತ. ತಲೆ ಎತ್ತಲಾಗಲಿಲ್ಲ, ಅವಳ ಕಾಲಿಗಂಟಿದ ಹೊಲದ ಮಣ್ಣನ್ನೇ ನೋಡುತ್ತ ಹೇಳಿದ: "ಸಾಬವ್ವ, ಆ ಹತ್ತೊಂಬತ್ತು ನಾ ಸಿಟ್ಟಿಗೆ ಬರದದ್ದು. ಸಾಹೇಬರ ಮುಂದ ಒಪ್ಪಿಕೊಂಡು ಹೊಡದು ಹಾಕತೀನಿ, ನೌಕರಿ ಹೋದ್ರ ಹೋಗ್ಲಿ. ಅದರ ಜಾಗಾದಾಗ ಏನಂತ ಬರೀಲಿ, ನೀನ ಹೇಳು."

ಸಾಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅದು ಹಂಗ ಇರ್ಲಿ ಬಿಡೋ ಯಪ್ಪಾ. ನೀ ಅದನ್ನ ಬರದಾಗಿಂದ ನಡುರಾತ್ರಿ ಬಾಗಲಾ ಬಡಿಯಾವ್ರಿಲ್ಲ. ನಲವತ್ತು ವರ್ಷದ ಮ್ಯಾಲ ಈಗ ಕಣ್ತುಂಬ ನಿದ್ದಿ ಮಾಡಾಕತ್ತೀನಿ."